ಶರತ್ತಿನ ಖಂಡ

ರಾಮಲಿಂಗನ ಬಾಯಿ ಈಗ ಒಂದೂವರೆ ಬೆರಳು ತೆರೆಯುತ್ತಿತ್ತು. ದೀಪಾವಳಿ ಹೊತ್ತಿಗೆ ಎರಡು ಬೆರಳು ಹಿಡಿಯುತ್ತಿತ್ತು, ಅದರ ಹಿಂದಿನ ವರ್ಷ ಮೂರು. ಪ್ರತಿ ರವಿವಾರ ಮುಂಜಾನೆ ಮಗಳು ಲುಂಬಿನಿ ಕೈ ತೊಳೆದುಕೊಂಡು ಬಂದು, ಅಪ್ಪನ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ತನ್ನ ಬೆರಳು ನಿಲ್ಲಿಸಿ ಅಳತೆ ತೆಗೆಯುತ್ತಿದ್ದಳು. ವಾಡಿಯ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿಯಾಗಿ ವಿಜ್ಞಾನ ಕಲಿಸುವವಳು. ಅಳೆಯದೆ ಏನನ್ನೂ ನಂಬುವವಳಲ್ಲ.

ಶಹಾಬಾದಿನ ಫರ್ಸಿ ಕಲ್ಲಿನ ಖಣಿಗಳಲ್ಲಿ ಮೂವತ್ತೆಂಟು ವರ್ಷ ಚಪ್ಪಡಿ ಎಬ್ಬಿಸಿದವನು ರಾಮಲಿಂಗ. ಬಿಸಿಲಿಗೆ ನಾಲಿಗೆ ಒಣಗಬಾರದು, ಧೂಳು ಗಂಟಲಿಗೆ ಇಳಿಯಬಾರದು ಎಂದು ಎಡಗಲ್ಲದಲ್ಲಿ ಗುಟ್ಕಾ ಇಟ್ಟುಕೊಳ್ಳುವುದು ಖಣಿಯ ಎಲ್ಲರಂತೆ ಅವನಿಗೂ ರೂಢಿಯಾಗಿತ್ತು. ಖಣಿ ಮುಚ್ಚಿತು, ಗುಟ್ಕಾ ಮುಚ್ಚಲಿಲ್ಲ. ಗಲ್ಲದ ಒಳಮೈ ನೆನೆದು ಒಣಗಿದ ಹಗ್ಗದಂತೆ ಬಿಗಿದುಕೊಳ್ಳುತ್ತ ಬಂತು. ಮೊದಲು ಖಾರ ಉರಿಯಿತು, ಆಮೇಲೆ ಹುಳಿ, ಕಡೆಗೆ ಉಪ್ಪೂ ಉರಿಯಿತು. ಬೆಳ್ಳಗಿನದೊಂದು ಗಾಯ ಎದ್ದು ಮಾಯದೇ ಉಳಿದಾಗ ಹಲ್ಲಿನ ಡಾಕ್ಟರ್ ತಬಸ್ಸುಮ್ ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಬಂದ ಕಾಗದ ಓದಿ, ಅವನ ಮುಖ ನೋಡದೆ ಲುಂಬಿನಿಯ ಮುಖ ನೋಡಿ, ಕಲಬುರಗಿಯ ದೊಡ್ಡ ದವಾಖಾನೆಗೆ ಚೀಟಿ ಬರೆದುಕೊಟ್ಟರು. ಜನವರಿ ಎಂಟಕ್ಕೆ ಆಪರೇಷನ್. ಎಡ ದವಡೆಯ ಒಂದು ಭಾಗ ಹೋಗುತ್ತದೆ.

ರಾಮಲಿಂಗನ ಕಣ್ಣ ಮುಂದೆ ಅಂಬರಾಯನಿದ್ದ. ಅದೇ ಖಣಿಯ ಜೊತೆಗಾರ, ಅದೇ ಆಪರೇಷನ್. ಅರ್ಧ ಮುಖದೊಂದಿಗೆ ಊರಿಗೆ ಬಂದ, ಮೂಗಿನ ನಳಿಗೆಯಿಂದ ಎಂಟು ತಿಂಗಳು ಗಂಜಿ ಕುಡಿದ, ಸತ್ತ. ಆ ಎಂಟು ತಿಂಗಳಲ್ಲಿ ಅಂಬರಾಯ ಯಾರ ಜೊತೆಗೂ ಒಂದು ಮಾತಾಡಿರಲಿಲ್ಲ, ಮಾತಾಡಲು ಆಗುತ್ತಲೂ ಇರಲಿಲ್ಲ.

"ನಾ ಹೋಗಂಗಿಲ್ಲ," ಅಂದ ರಾಮಲಿಂಗ, ಡಿಸೆಂಬರಿನ ಒಂದು ಸಂಜೆ. ಬಾಯಿ ಬಿಗಿದಿದ್ದರಿಂದ ಅವನ ಮಾತು ಈಚೆಗೆ ಬಾಗಿಲ ಸಂದಿಯಿಂದ ಬಂದಂತೆ ಬರುತ್ತಿತ್ತು. "ಉರಿ ಹೋಗ್ಯದ. ಹದಿನೈದು ದಿನ ಆತು. ಗುಣ ಆಗ್ಲಿಕತ್ತದ."

"ಸುಳ್ಳ ಹೇಳಬ್ಯಾಡ ಅಪ್ಪ," ಅಂದಳು ಲುಂಬಿನಿ. "ಹೋದ ತಿಂಗಳ ಬ್ಯಾಳಿ ಸಾರಿಗೇ ಕಣ್ಣಾಗ ನೀರ್ ತಂದಿದ್ದಿ."

"ಹೋದ ತಿಂಗಳದು ಹೋದ ತಿಂಗಳಕ್ಕ ಹೋತು."

"ಅವತ್ತಿಂದ ಬರೇ ಹಾಲು, ಅನ್ನ, ಉಪ್ಪಿಲ್ಲದ ಗಂಜಿ. ಉರಿಯೋದು ಎಲ್ಲಿಂದ ಬರತದ?"

"ಹಂಗಾದ್ರ ಉಪ್ಪಿಂದು ಕೊಡ್ರಿ." ರಾಮಲಿಂಗ ಗೋಡೆಗೆ ಒರಗಿದ್ದವನು ನೆಟ್ಟಗೆ ಕೂತ. "ಹಂದಿ ಖಂಡ ಮಾಡ್ರಿ. ನಿಮ್ಮ ಮುಂದನ ಕುಂತು ತಿಂತೀನಿ. ಉರಿ ಹತ್ತಿ ಉಗುಳಿದೆ ಅಂದ್ರ, ನೀ ಹೇಳಿದ ದಿನ, ನೀ ಹೇಳಿದ ಗಾಡಿ. ಹತ್ತಲಿಲ್ಲ ಅಂದ್ರ ಆ ಚೀಟಿ ಒಲಿಗೆ. ಶರತ್ತು."

ಒಲೆಯ ಮುಂದಿದ್ದ ಅನಸುಬಾಯಿ ಗಂಡನತ್ತ ತಿರುಗಿದಳು. "ಇದೇನ್ ಇಸ್ಪೀಟ್ ಆಟ ಅದೇನು?"

"ಖಾರ ಹಾಕಬಾರದು," ರಾಮಲಿಂಗ ಹೆಂಡತಿಯ ಮಾತು ಕೇಳಿಸದವನಂತೆ ಬೆರಳು ಮಡಚಿದ. "ಖಾರ ಗಟ್ಟಿ ಬಾಯಿಗೂ ಉರಿತದ. ಮತ್ತ, ಮೆತ್ತಗಿರಬೇಕು. ನಾರಿನಂಥ ಖಂಡ ಕೊಟ್ಟು, ನೋಡು ನುಂಗಲಿಕ್ಕೆ ಆಗವಲ್ದು ಅಂದ್ರ ನಾ ಕೇಳಂಗಿಲ್ಲ. ಹಲ್ಲಿನ ಮಾತು ಬ್ಯಾರೆ, ಗಾಯದ ಮಾತು ಬ್ಯಾರೆ."

ಲುಂಬಿನಿ ಒಪ್ಪಿಕೊಂಡಳು. ಅಪ್ಪ ಹೆದರಿ ಸುಳ್ಳು ಹೇಳುತ್ತಿದ್ದಾನೆ ಎಂದು ಅವಳಿಗೆ ಖಾತ್ರಿಯಿತ್ತು. ಬೇಳೆ ಸಾರಿನ ಉಪ್ಪಿಗೆ ಕಣ್ಣೀರು ಹಾಕಿದ ಬಾಯಿ ಮೂರು ವಾರದಲ್ಲಿ ತಾನಾಗಿ ಮಾಯುವುದಿಲ್ಲ. ಇಷ್ಟು ಸುಲಭಕ್ಕೆ ಅವನನ್ನು ಕಲಬುರಗಿಯ ಗಾಡಿ ಹತ್ತಿಸುವುದಾದರೆ ಒಂದು ಖಂಡದೂಟ ದೊಡ್ಡದಲ್ಲ.

ದೊಡ್ಡದಾದದ್ದು ಮರುದಿನ. ಶಾಲೆಯಿಂದ ಬರುವಾಗ ತಬಸ್ಸುಮ್ ಡಾಕ್ಟರ ದವಾಖಾನೆಗೆ ಹೋಗಿ ಕೇಳಿದಳು, ಬಾಯಿ ತೆರೆಯದವರಿಗೆ ಖಂಡ ಮೆತ್ತಗೆ ಮಾಡುವುದು ಹೇಗೆ ಎಂದು.

"ನಾವು ಮನ್ಯಾಗ ಕಚ್ಚಾ ಪಪ್ಪಾಯಿ ಹಚ್ಚತೀವಿ," ಅಂದರು ಡಾಕ್ಟರು, ಕೈಗವಸು ಕಳಚುತ್ತ. "ಆದ್ರ ಕಾಕಾಗ ಬ್ಯಾಡ, ಗಾಯಕ್ಕ ಚುರ್ ಅಂತದ. ಮಟನ್ ಅದ ಏನು?"

"ಹೌದ್ರಿ ಮೇಡಂ." ಸ್ವಲ್ಪ ತಡೆದು, "ಮಟನ್ ಅಲ್ರಿ."

"ಗೊತ್ತದ. ನಿಮ್ಮಪ್ಪ ಈ ಕುರ್ಚ್ಯಾಗ ಕುಂತು ಮೂರು ಸಲ ಹೇಳ್ಯಾರ, ಹಂದಿ ಖಂಡ ಬಿಟ್ಟು ಬದುಕೋದು ಏನ್ ಬದುಕು ಅಂತ." ಡಾಕ್ಟರು ನಕ್ಕರು. "ನಾ ತಿನ್ನಬೇಕಾಗ್ಯದೇನು? ಪೇಷಂಟ್ ತಿಂದ್ರ ಸಾಕು." ಆಮೇಲೆ ನಗು ನಿಲ್ಲಿಸಿ, "ತಿನ್ನಸೋದಿದ್ರ ಈಗ ತಿನ್ನಸು. ಆಪರೇಷನ್ ಆದಮ್ಯಾಲ ಒಂದು ವರ್ಷ ಖಂಡದ ಮಾತ ಇಲ್ಲ. ಅದರ ಮುಂದ ಏನು ಅಂತ ನಾ ಈಗ ಮಾತು ಕೊಡಂಗಿಲ್ಲ."

ಶರತ್ತಿನ ವಿಷಯ ಲುಂಬಿನಿ ಹೇಳಲಿಲ್ಲ. ಉರಿ ಹೋಗಿದೆ ಎಂದು ಅಪ್ಪ ಅನ್ನುತ್ತಿರುವುದನ್ನೂ ಹೇಳಲಿಲ್ಲ. ಸುಳ್ಳನ್ನು ಡಾಕ್ಟರಿಗೆ ಏನೆಂದು ಹೇಳುವುದು. ಆದರೆ ಮನೆಗೆ ನಡೆಯುವಾಗ, ಇದು ಅಪ್ಪನ ಬಾಯಿಗೆ ಬೀಳುವ ಕಡೆಯ ಖಂಡವಾಗಬಹುದು ಎಂಬುದು ಅವಳ ಹೆಜ್ಜೆಗಳ ಜೊತೆಗೇ ನಡೆದು ಬಂತು. ಹಾಗಾದರೆ ಅದು ಎಂದೂ ಯಾರೂ ಮಾಡಿರದಷ್ಟು ಚಲೋ ಆಗಬೇಕು. ಚಲೋ ಆಗಿಯೂ ಅವನನ್ನು ಸೋಲಿಸಬೇಕು.

ಅವರ ಮನೆಯಲ್ಲಿ ಹಂದಿ ಖಂಡ ಎಂದರೆ ಚರ್ಮ, ಕೊಬ್ಬು, ಎಲುಬು ಸಮೇತ ಕೊಚ್ಚಿ, ಅದರ ಕೊಬ್ಬಿನಲ್ಲೇ ಹುರಿದು, ಕೆಂಪು ಖಾರ ಸುರಿದು, ಸೇಡಂ ಕಡೆಯವರ ಹಾಗೆ ಒಂದು ಹಿಡಿ ಹುಳಿಯ ಪುಂಡಿ ಸೊಪ್ಪು ಹಾಕಿ ಇಳಿಸುವುದು. ಜಗಿಯುತ್ತ ಕೂತರೆ ಒಂದು ತಾಸು. ಆ ಜಗಿಯುವುದರಲ್ಲೇ ರುಚಿ ಎಂದು ಓಣಿಯವರ ವಾದ. ಲುಂಬಿನಿ ಫೋನಿನಲ್ಲಿ ಎರಡು ರಾತ್ರಿ ಹುಡುಕಿ ಬೇರೆ ದಾರಿ ಹಿಡಿದಳು: ಖಂಡವನ್ನು ಉಪ್ಪು ನೀರಿನಲ್ಲಿ ಏಳೆಂಟು ತಾಸು ಮುಳುಗಿಸಿಡುವುದು. ಉಪ್ಪು ಎಳೆಗಳ ಬಿಗಿ ಸಡಿಲಿಸುತ್ತದೆ, ಸಡಿಲಾದ ಎಳೆ ನೀರು ಹಿಡಿದುಕೊಳ್ಳುತ್ತದೆ, ಎಷ್ಟು ಬೇಯಿಸಿದರೂ ಒಣಗುವುದಿಲ್ಲ. ಉಪ್ಪು ನೀರು ಏನು ಮಾಡುತ್ತದೆ ಎಂಬುದು ಒಂಬತ್ತನೇ ತರಗತಿಗೆ ಅವಳೇ ಕಲಿಸುವ ಪಾಠ, ಬಟಾಟೆ ಹೋಳಿಟ್ಟು ತೋರಿಸುವ ಪ್ರಯೋಗ. ಅದನ್ನು ತಿನ್ನಬಹುದು ಎಂದು ಮಾತ್ರ ಎಂದೂ ಹೊಳೆದಿರಲಿಲ್ಲ.

ರವಿವಾರ ಮುಂಜಾನೆ ಕಲ್ಲು ಪಾಲಿಶ್ ಕಾರ್ಖಾನೆಯ ಹಿಂದಿನ ಬಯಲಿನಲ್ಲಿ ಪಾಲು ಬಿತ್ತು. ಹಂದಿ ಚಿಂಚೋಳಿ ತಾಲೂಕಿನ ಕೊಡ್ಲಿಯಿಂದ ಬಂದದ್ದು, ಹದಿನಾಲ್ಕು ಮನೆಯವರು ಕೂಡಿ ತರಿಸಿದ್ದು. ಹುಲ್ಲಿನ ಬೆಂಕಿಯಲ್ಲಿ ಸುಟ್ಟು, ಹೆರೆದು, ದೊಡ್ಡ ಫರ್ಸಿಯ ಮೇಲೆ ಕೊಚ್ಚಿ, ಮುತ್ತುಗದ ಎಲೆಗಳ ಮೇಲೆ ಹದಿನಾಲ್ಕು ಗುಡ್ಡೆ ಹಾಕಿದ್ದರು. ಪ್ರತಿ ಗುಡ್ಡೆಯಲ್ಲಿ ಒಂದಿಷ್ಟು ಬೆನ್ನು, ಒಂದಿಷ್ಟು ಹೊಟ್ಟೆ, ಯಕೃತ್ತಿನ ಒಂದು ಚೂರು, ಅದೇ ಕಾರಿಜ, ಚರ್ಮ, ಎಲುಬು. ಯಾರೂ ಆರಿಸುವ ಹಾಗಿಲ್ಲ. ಒಬ್ಬ ಗುಡ್ಡೆಗೆ ಬೆನ್ನು ತಿರುಗಿಸಿ ನಿಲ್ಲುತ್ತಾನೆ, ಇನ್ನೊಬ್ಬ ಒಂದು ಗುಡ್ಡೆಗೆ ಬೆರಳಿಟ್ಟು "ಇದು ಯಾರದು" ಅನ್ನುತ್ತಾನೆ, ತಿರುಗಿ ನಿಂತವನು ಒಂದು ಹೆಸರು ಹೇಳುತ್ತಾನೆ. ಹೇಳಿದ ಮೇಲೆ ಮುಗಿಯಿತು.

ತಿರುಗಿ ನಿಲ್ಲುವವನು ಯಾವಾಗಲೂ ಅನಸುಬಾಯಿಯ ತಮ್ಮ ಸಾಯಿಕುಮಾರ, ಅಕ್ಕನ ಗಂಡನನ್ನು ಮಾವ ಎಂದು ಕರೆಯುವವನು. ಲುಂಬಿನಿ ಅವನ ಹತ್ತಿರ ಹೋಗಿ ಮೆಲ್ಲಗೆ, "ಮಾಮಾ, ನನಗ ಬೆನ್ನಿನ ಖಂಡ ಅಷ್ಟೇ ಬೇಕು. ಚರ್ಮ, ಎಲುಬು ಯಾರಿಗಾದ್ರೂ ಕೊಡು," ಅಂದಳು.

"ಏ ಟೀಚರಬಾಯಿ," ಸಾಯಿಕುಮಾರ ಎಲ್ಲರಿಗೂ ಕೇಳುವ ಹಾಗೆ ಅಂದ, "ಗುಡ್ಡಿ ಒಡದ್ರ ಓಣಿ ಒಡೀತದ. ನಮ್ಮಜ್ಜನ ಕಾಲದಾಗೂ ಯಾರೂ ಕೇಳಿಲ್ಲ. ಇವತ್ತ ಬೆನ್ನ ಅಂತಿ, ನಾಳಿಗಿ ಕಾರಿಜ ಅಂತಿ."

"ಅಪ್ಪಗ ಮಾಡ್ಲಿಕ್ಕೆ, ಮಾಮಾ."

"ಮಾವಗ ಅಂತ ಗೊತ್ತದ. ಶರತ್ತ ಹಚ್ಚೀರಂತಲ್ಲ, ಓಣಿ ತುಂಬ ಅದೇ ಸುದ್ದಿ. ನಾ ಮಾವನ ಕಡಿ, ಹೇಳೇನಿ."

"ನೀ ಯಾವ ಕಡಿ ಆದ್ರೂ ಇರು, ಖಂಡ ಕೊಡು."

ಹೆಸರು ಹೇಳಿ ಮುಗಿದ ಮೇಲೆ, ಎಲೆ ಮಡಚುತ್ತಿದ್ದ ಭೀಮಮ್ಮ ಮುದುಕಿ ತನ್ನ ಗುಡ್ಡೆಯಿಂದ ಬೆನ್ನಿನ ತುಂಡು ಎತ್ತಿ ಲುಂಬಿನಿಯ ಬುಟ್ಟಿಗೆ ಹಾಕಿದಳು. "ನಂದು ತಗೋ ತಂಗಿ. ಬದಲಿಗೆ ನಿನ್ನ ಚರ್ಮ ಕೊಡು. ಗುಡ್ಡಿ ಬಿದ್ದಮ್ಯಾಲ ನನ್ನ ಖಂಡ ನಾ ಯಾರಿಗೆ ಕೊಟ್ರ ಇವನಿಗೇನು?"

"ಹಲ್ಲೇ ಇಲ್ಲ ನಿನಗ, ಚರ್ಮ ಏನ್ ಮಾಡ್ತಿ ಆಯಿ?" ಅಂದ ಸಾಯಿಕುಮಾರ.

"ಚೀಪತೀನಿ. ನಿನಗೇನಾಗಬೇಕು?"

ನಗು ಎದ್ದಿತು. ಹಾಗೆ ಒಬ್ಬೊಬ್ಬರಾಗಿ ಒಂಬತ್ತು ಮನೆಯವರು ಬದಲು ಮಾಡಿಕೊಂಡರು. ಒಂಬತ್ತನೆಯವನಾಗಿ ಸಾಯಿಕುಮಾರನೂ ತನ್ನದನ್ನು ಕೊಟ್ಟ. "ಸಂಜಿಗಿ ಬರ್ತೀನಿ. ಹ್ಯಾಂಗಾಗ್ಯದ ಅಂತ ನೋಡಬೇಕು," ಅಂದ. ಬುಟ್ಟಿ ಹೊತ್ತು ಬರುವಾಗ ಲುಂಬಿನಿಗೆ ತಾನು ಒಂದು ಅಡುಗೆಯನ್ನಲ್ಲ, ಇಡೀ ಓಣಿಯ ಆಸೆಯನ್ನು ಹೊತ್ತು ತರುತ್ತಿದ್ದೇನೆ ಅನ್ನಿಸಿತು. ಅವರೆಲ್ಲ ರಾಮಲಿಂಗ ಗೆಲ್ಲಲಿ ಎಂದೇ ಕೊಟ್ಟಿದ್ದರು.

ಮನೆಯಲ್ಲಿ ಅವಳು ದೊಡ್ಡ ಬೋಗಾಣಿ ತೊಳೆದು, ನಾಲ್ಕು ಲೀಟರ್ ಫಿಲ್ಟರ್ ನೀರು ಅಳೆದಳು. ಬೋರಿನ ಸವಳು ನೀರು ಹಾಕಿದರೆ ಉಪ್ಪಿನ ಲೆಕ್ಕ ತಪ್ಪುತ್ತದೆ. ಅರ್ಧ ನೀರಿನಲ್ಲಿ ನಾಲ್ಕು ಹಿಡಿ ಕಲ್ಲುಪ್ಪು, ಒಂದು ಹೆಂಟೆ ಬೆಲ್ಲ, ಎರಡು ಪಲಾವು ಎಲೆ ಹಾಕಿ ಕುದಿಸಿ, ಉಳಿದ ತಣ್ಣೀರು ಬೆರೆಸಿ, ಐಸ್ ಕಾರ್ಖಾನೆಯಿಂದ ತಂದ ಗಡ್ಡೆ ಒಡೆದು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ ಬೋಗಾಣಿಯ ಸುತ್ತ ಇಟ್ಟಳು. ಮುಷ್ಟಿ ಗಾತ್ರದ ತುಂಡುಗಳು ಮುಳುಗದೆ ತೇಲಿದವು. ಹಿತ್ತಲಿಂದ ಒಂದು ಫರ್ಸಿ ಚೂರು ತೊಳೆದು ತಂದು ಮೇಲೆ ಹೇರಿದಳು. ನಿಂಬೆ ಹಿಂಡಿದರೆ ಫರ್ಸಿ ಬುರುಗು ಕಾರುತ್ತದೆ ಎಂಬುದು ಶಹಾಬಾದಿನ ಮಕ್ಕಳಿಗೂ ಗೊತ್ತು. ಉಪ್ಪಿಗೆ ಅದು ಏನೂ ಅನ್ನುವುದಿಲ್ಲ.

"ಖಂಡಕ್ಕ ಜಳಕ ಮಾಡಸ್ಲಿಕತ್ತಿ ಏನು?" ಅನಸುಬಾಯಿ ಬಗ್ಗಿ ನೋಡಿದಳು.

"ಮೆತ್ತಗಾಗ್ತದವ್ವ."

"ಆಗಲಿ." ಅವಳು ಅಲ್ಲೇ ಕೂತು ಬೆಳ್ಳುಳ್ಳಿ ಸುಲಿಯತೊಡಗಿದಳು. ಬಹಳ ಹೊತ್ತಿನ ಮೇಲೆ, ತಲೆ ಎತ್ತದೆ, "ನನಗ ಅಂವಾ ಗೆಲ್ಲಲಿ ಅನಸ್ತದ. ತಪ್ಪೇನು?" ಅಂದಳು.

"ಗೆದ್ರ ಏನಾಗ್ತದ ಗೊತ್ತದಲ್ಲ ನಿನಗ."

"ಅಂಬರಾಯಗ ಏನಾತು ಅನ್ನೋದೂ ಗೊತ್ತದ."

ಮಧ್ಯಾಹ್ನ ರಾಮಲಿಂಗ ಮನೆ ಮುಂದಿನ ಕಟ್ಟೆಯಲ್ಲಿ ಬಿಸಿಲಿಗೆ ಕೂತಿದ್ದ. ಹೊಸ ಅಂಗಿ ಹಾಕಿದ್ದ. ಅನಸುಬಾಯಿ ಒಲೆಯಿಂದ ಇಳಿಸಿದ ಚಹಾ ಹಾಗೇ ತಂದು ಕೊಟ್ಟಳು, ಆರಿಸುವುದು ಮರೆತು. ಲುಂಬಿನಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅಪ್ಪ ಆ ಹೊಗೆಯಾಡುವ ಚಹಾವನ್ನು ತುಟಿಯ ಸಂದಿಯಿಂದ ಒಳಗೆ ಎಳೆದುಕೊಂಡ, ನುಂಗಿದ, ಮತ್ತೆ ಎಳೆದುಕೊಂಡ. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

"ನೋಡಿದೇನು?" ಅಂದ ಮಗಳಿಗೆ. "ಜನವರಿ ಎಂಟಕ್ಕ ನಾನೂ ನಿಮ್ಮವ್ವನೂ ಐನಾಪುರಕ್ಕ ಹೋಗ್ತೀವಿ, ಅಕಿ ತಂಗಿ ಮನಿಗೆ. ನಾಕ್ ದಿನ ಇದ್ದು ಬರ್ತೀವಿ."

ಅವನು ತಡೆದುಕೊಳ್ಳುತ್ತಿದ್ದಾನೆ ಎಂದುಕೊಂಡಳು ಲುಂಬಿನಿ. ಖಣಿಯಲ್ಲಿ ಒಮ್ಮೆ ಹೆಬ್ಬೆರಳಿನ ಮೇಲೆ ಚಪ್ಪಡಿ ಬಿದ್ದಾಗ ಜಜ್ಜಿದ ಉಗುರನ್ನು ತಾನೇ ಕಿತ್ತು ಮತ್ತೆ ಕೆಲಸಕ್ಕೆ ನಿಂತವನು. ಅಂಥವನು ಸಂಜೆ ನಾಲ್ಕು ತುಂಡು ಖಂಡದ ಉರಿಯನ್ನು ಹಲ್ಲು ಕಚ್ಚಿ ನುಂಗಿಬಿಟ್ಟರೆ? ಗೆದ್ದೆ ಅಂದುಬಿಟ್ಟರೆ? ಚೀಟಿ ಒಲೆಗೆ ಹೋಗುತ್ತದೆ. ಗಾಯ ಮಾತ್ರ ಎಲ್ಲಿಗೂ ಹೋಗುವುದಿಲ್ಲ.

ಅವಳು ಒಳಗೆ ಹೋದಳು. ಉಪ್ಪಿನ ಡಬ್ಬಿ ತೆಗೆದು ಫರ್ಸಿ ಚೂರು ಸರಿಸಿ, ಒಂದು ಹಿಡಿ ಹಾಕಿದಳು. ಕೈ ಡಬ್ಬಿಗೆ ಮತ್ತೆ ಹೋಯಿತು. ಎರಡು. ಮೂರು. ಖಾರ ಬೇಡ ಅಂದಿದ್ದರು, ಉಪ್ಪು ಬೇಡ ಎಂದು ಯಾರೂ ಅಂದಿರಲಿಲ್ಲ. ನಾಲ್ಕು. ಕೈಯಿಂದ ತಿರುವಿದಾಗ ಬೆರಳಿನ ಒಂದು ಸಣ್ಣ ಗೀರು ಚುರ್ರೆಂದಿತು. ಅವಳಿಗೆ ಸಮಾಧಾನವಾಯಿತು. ಕೂಡಲೇ ಆ ಸಮಾಧಾನಕ್ಕೆ ಅಸಹ್ಯವಾಯಿತು. ಕಡೆಯ ಖಂಡ ಎಂದು ಓಣಿಯನ್ನೆಲ್ಲ ಬೇಡಿ ತಂದವಳೂ ಅವಳೇ, ಅದನ್ನು ಬಾಯಿಗಿಡಲಾಗದಂತೆ ಮಾಡುತ್ತಿರುವವಳೂ ಅವಳೇ. ಆಮೇಲೆ ಹೇಳಿ ಕ್ಷಮೆ ಕೇಳಿದರಾಯಿತು ಎಂದುಕೊಂಡಳು. ಆಪರೇಷನ್ ಆಗಿ, ಗಾಯ ಮಾಗಿ, ಅಪ್ಪ ಬದುಕಿದ್ದ ಮೇಲೆ.

ನಾಲ್ಕು ಗಂಟೆಗೆ ತುಂಡುಗಳನ್ನು ನೀರಿಂದ ಎತ್ತಿ ಬಟ್ಟೆಯಲ್ಲಿ ಒತ್ತಿದಳು. ಮುಂಜಾನೆ ಕಲ್ಲಿನಂತಿದ್ದವು ಈಗ ಒತ್ತಿದ ಬೆರಳನ್ನು ಒಳಗೆ ಬಿಟ್ಟುಕೊಳ್ಳುತ್ತಿದ್ದವು. ಹುರಿದ ಕೊಬ್ಬರಿ, ಕೊತ್ತಂಬರಿ ಬೀಜ, ಜೀರಿಗೆ, ಬೆಂದ ಬೆಳ್ಳುಳ್ಳಿ, ಅರಿಶಿಣ ಅರೆದು ಹಚ್ಚಿ ಒಂದು ತಾಸು ಬಿಟ್ಟು, ಸಣ್ಣ ಉರಿಯಲ್ಲಿ ಮುಚ್ಚಿಟ್ಟಳು. ಮನೆ ತುಂಬ ವಾಸನೆ ಹರಡಿತು. ಖಾರವಿಲ್ಲದೆಯೂ ಖಂಡಕ್ಕೆ ಇಂಥದೊಂದು ವಾಸನೆ ಇರುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಅನಸುಬಾಯಿ ಎರಡು ಸಲ ಮುಚ್ಚಳ ತೆಗೆದು ಮೂಸಿದಳು. ರುಚಿ ನೋಡಲಿಲ್ಲ. ಮೊದಲ ತುಂಡು ಮನೆಯ ಹಿರಿಯನಿಗೆ, ಆಮೇಲೆ ಉಳಿದವರಿಗೆ. ಲುಂಬಿನಿಯೂ ನೋಡಲಿಲ್ಲ. ಅವಳಿಗೆ ಧೈರ್ಯವಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ರಾಮಲಿಂಗ ತಾಟಿನ ಮುಂದೆ ಕೂತ. ನಾಲ್ಕು ತುಂಡು. ಮೊದಲನೆಯದನ್ನು ಬೆರಳಿನಿಂದ ಮುಟ್ಟಿದ. ಅದು ತಾನಾಗಿ ಎಳೆಎಳೆಯಾಗಿ ಬಿಚ್ಚಿಕೊಂಡಿತು. ಅವನು ಮಗಳ ಕಡೆ ನೋಡಿದ. ಬೆರಗಿನಲ್ಲಿ ಅವನ ಕಣ್ಣು ಹುಡುಗನದಾಗಿತ್ತು. ಒಂದು ಎಳೆಯನ್ನು ಆ ಒಂದೂವರೆ ಬೆರಳಿನ ಬಾಗಿಲಿನಿಂದ ಒಳಗೆ ಸೇರಿಸಿದ. ಲುಂಬಿನಿ ನೀರಿನ ತಂಬಿಗೆ ಹಿಡಿದು, ಉಗುಳಲು ಬಟ್ಟಲು ಹತ್ತಿರ ಸರಿಸಿಕೊಂಡು ಕೂತಿದ್ದಳು.

ಅವನು ಜಗಿದ. ನಿಧಾನವಾಗಿ, ಎಡಕ್ಕೆ ತಳ್ಳಿ, ಬೇಕೆಂದೇ ಗಾಯದ ಕಡೆಗೇ ತಳ್ಳಿ ಜಗಿದ. ನುಂಗಿದ. ಮತ್ತೊಂದು ಎಳೆ. ಮೊದಲ ತುಂಡು ಮುಗಿಯಿತು. ಎರಡನೆಯದಕ್ಕೆ ಕೈ ಹಾಕಿದ. ಲುಂಬಿನಿ ಅವನ ಕಣ್ಣಿನ ಅಂಚು, ಹಣೆಯ ನರ, ತೊಡೆಯ ಮೇಲಿದ್ದ ಇನ್ನೊಂದು ಕೈಯ ಮುಷ್ಟಿ ಎಲ್ಲ ನೋಡಿದಳು. ಮುಷ್ಟಿ ಬಿಗಿದಿರಲಿಲ್ಲ. ಕೈ ಬಿಚ್ಚಿಕೊಂಡು ಸುಮ್ಮನೆ ಬಿದ್ದಿತ್ತು, ಮರದ ನೆರಳಲ್ಲಿ ಕೂತವನ ಕೈಯ ಹಾಗೆ.

"ಉರಿಲಿಕತ್ತದೇನು?" ಅನಸುಬಾಯಿ ಕೇಳಿದಳು.

"ಇಲ್ಲ." ಎರಡನೆಯದೂ ಮುಗಿಯಿತು. "ಏನ್ ಮೆತ್ತಗ ಮಾಡಿಯವ್ವಾ. ಬೆಣ್ಣಿ ಆಗ್ಯದ. ಹೋಗು, ಆ ಚೀಟಿ ತಗೊಂಡು ಬಾ."

ಅನಸುಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು, ನಗುವುದಕ್ಕೇ ಹೆದರಿದವಳ ಹಾಗೆ.

ಲುಂಬಿನಿ ಎದ್ದು ಅಡುಗೆ ಮನೆಗೆ ಹೋದಳು. ಬೋಗಾಣಿಯಿಂದ ಒಂದು ಎಳೆ ಕಿತ್ತು ಬಾಯಿಗಿಟ್ಟಳು. ನಿಜವಾಗಿ ಅದು ಖಂಡವೇ ಆಗಿರಲಿಲ್ಲ. ಉಪ್ಪಿನ ಹರಳು ನಾಲಿಗೆಯ ಮೇಲೆ ಕರಗದೆ ಕೂತಂತೆ ಇತ್ತು, ಬುಡದಲ್ಲಿ ಕಹಿ ಇತ್ತು, ಅವಳ ಗಟ್ಟಿ ಗಲ್ಲಕ್ಕೂ ಚುಚ್ಚಿತು. ಮೋರಿಗೆ ಉಗುಳಿ ಎರಡು ತಂಬಿಗೆ ನೀರು ಮುಕ್ಕಳಿಸಿದಳು. ಹೋಗಲಿಲ್ಲ.

ತಡೆದುಕೊಂಡು ತಿನ್ನುವ ರುಚಿಯಲ್ಲ ಅದು. ಅಪ್ಪ ಸುಳ್ಳು ಹೇಳುತ್ತಿರಲಿಲ್ಲ. ಎಂದೂ ಹೇಳಿರಲಿಲ್ಲ.

ಹಿತ್ತಲಿಗೆ ಹೋಗಿ ತಬಸ್ಸುಮ್ ಡಾಕ್ಟರಿಗೆ ಫೋನ್ ಮಾಡಿದಳು. ಹೇಳಿದ್ದು ನಾಲ್ಕೇ ಮಾತು: ಇಷ್ಟು ಉಪ್ಪು, ಎಡಗಡೆಗೇ ಜಗಿದ, ಏನೂ ಗೊತ್ತಾಗಲಿಲ್ಲ, ಮೂರು ವಾರವಾಯಿತಂತೆ.

"ಮೂರು ವಾರ ಆತು, ಈಗ ಹೇಳ್ತಿಯಲ್ಲ," ಅಂದರು ಡಾಕ್ಟರು. ಬೈಗುಳದ ದನಿಯಲ್ಲ, ಅದಕ್ಕೇ ಅದು ಹೆಚ್ಚು ನಾಟಿತು. "ಉರಿ ಅಂದ್ರ ನರ ಜೀವ ಅದ ಅಂತ. ಉರಿ ನಿಂತದ ಅಂದ್ರ ರೋಗ ನರಕ್ಕ ಹತ್ಯದ. ಎಂಟನೇ ತಾರೀಖು ಕಾಯಬ್ಯಾಡ. ನಾಳಿಗಿ ಮುಂಜಾನಿ ಕರಕೊಂಡು ಹೋಗು, ನಾ ಅಲ್ಲಿ ಫೋನ್ ಮಾಡಿ ಇಡ್ತೀನಿ."

"ಆಪರೇಷನ್ ಮಾಡ್ಲಿಕ್ಕೆ ಆಗ್ತದಲ್ರಿ ಮೇಡಂ?"

"ಅದನ್ನ ಅವರು ನೋಡಿ ಹೇಳ್ತಾರ. ನೀ ಕರಕೊಂಡು ಹೋಗು."

ಒಳಗೆ ಬಂದಾಗ ರಾಮಲಿಂಗ ಮೂರನೆಯ ತುಂಡಿಗೆ ಕೈ ಹಾಕಿದ್ದ. ಲುಂಬಿನಿ ತಾಟಿನ ಮುಂದೆ ಕೂತಳು. "ಅಪ್ಪ, ಸಾಕು. ಅದರಾಗ ಉಪ್ಪು ಜಾಸ್ತಿ ಅದ."

"ಎಲ್ಲದ? ಸರಿ ಅದ."

"ಎಂಟು ಹಿಡಿ ಹಾಕೀನಿ. ನಾಲ್ಕ ಬೇಕಿದ್ದು. ನೀ ಉಗುಳಲಿ ಅಂತ ಹಾಕೀನಿ."

ರಾಮಲಿಂಗ ಜಗಿಯುವುದು ನಿಲ್ಲಿಸಿದ. ಮೋಸ ಮಾಡಿದೆಯಲ್ಲ ಎನ್ನುವ ಕೋಪ ಮುಖಕ್ಕೆ ಬರುತ್ತಿದ್ದುದು ಕಂಡಿತು, ಜೊತೆಗೇ, ಮೋಸ ಮಾಡಿಯೂ ಸೋತಳಲ್ಲ ಎನ್ನುವ ಹಿಗ್ಗು. "ಮತ್ತ? ಆದ್ರೂ ಉರಿಲಿಲ್ಲಲ್ಲ."

ಅನಸುಬಾಯಿ ಕೈ ಚಾಚಿ ಗಂಡನ ತಾಟಿನಿಂದ ಒಂದು ಎಳೆ ತೆಗೆದು ಬಾಯಿಗೆ ಹಾಕಿಕೊಂಡಳು. ಎರಡು ಸಲ ಜಗಿದಳು. ಮುಖ ಪೂರ್ತಿ ಮುದುಡಿತು. ಗಂಡನಿಗೆಂದು ಮಗಳು ಇಟ್ಟಿದ್ದ ಬಟ್ಟಲನ್ನು ಎಳೆದುಕೊಂಡು ಉಗುಳಿ, ಕೆಮ್ಮಿ, ನೀರಿಗೆ ಕೈ ಚಾಚಿದಳು. ಅವಳ ಕಣ್ಣಿಂದ ನೀರು ಸುರಿಯಿತು, ಉಪ್ಪಿಗೋ ಬೇರೆ ಯಾವುದಕ್ಕೋ.

ರಾಮಲಿಂಗ ಹೆಂಡತಿಯನ್ನೇ ನೋಡುತ್ತಿದ್ದ. ತನ್ನ ಬಾಯಲ್ಲೇ ಇದ್ದ ತುತ್ತನ್ನು ಎಡದಿಂದ ಬಲಕ್ಕೆ ಸರಿಸಿದ, ನಾಲಿಗೆಯಿಂದ ಒತ್ತಿದ, ಮತ್ತೆ ಎಡಕ್ಕೆ ತಂದ. ಇಟ್ಟ ಸಾಮಾನು ಕತ್ತಲ ಕೋಣೆಯಲ್ಲಿ ತಡಕುವವನ ಹಾಗೆ ತಡಕಿದ. ಗುಟ್ಕಾಕ್ಕೆ ಜಡ್ಡುಗಟ್ಟಿದ ನಾಲಿಗೆಗೆ ಬಲಗಡೆಯಲ್ಲಿ ಎಲ್ಲೋ ಸ್ವಲ್ಪ ಸಿಕ್ಕಿರಬೇಕು, ಹುಬ್ಬು ಒಮ್ಮೆ ಅಲುಗಿತು. ಎಡಗಡೆಯಲ್ಲಿ ಏನೂ ಇರಲಿಲ್ಲ.

"ಡಾಕ್ಟರಗ ಫೋನ್ ಮಾಡಿದಿಯಲ್ಲ, ಏನಂದ್ಳು?" ಅಂದ ಕಡೆಗೆ.

"ನಾಳಿಗೇ ಹೋಗಬೇಕಂತ."

"ಹುಂ." ತಾಟಿನಲ್ಲಿದ್ದ ಮೆತ್ತನೆಯ ಎಳೆಗಳನ್ನು ಬೆರಳಿನಿಂದ ಒಂದು ಕಡೆ ಕೂಡಿಸಿದ. "ಕಡೀ ಖಂಡ ಇದ್ದೀತು. ಅದನ್ನೂ ಕೆಡಿಸಿದಿ."

"ಹೌದಪ್ಪ."

"ಚಲೋ ಮಾಡಿದ್ರೂ ನನಗ ಗೊತ್ತಾಗ್ತಿದ್ದಿಲ್ಲ, ಅದು ಬ್ಯಾರೆ ಮಾತು." ಅವನು ಸಮಾಧಾನ ಹೇಳುತ್ತಿದ್ದನೋ ದೂರುತ್ತಿದ್ದನೋ ಲುಂಬಿನಿಗೆ ತಿಳಿಯಲಿಲ್ಲ.

ಹೊರಗೆ ಚಪ್ಪಲಿ ಬಿಟ್ಟ ಸದ್ದಾಯಿತು. ಸಾಯಿಕುಮಾರ ಬಾಗಿಲಲ್ಲಿ ತಲೆ ಹಾಕಿದ, ಅವನ ಹಿಂದೆ ಭೀಮಮ್ಮ, ಇನ್ನಿಬ್ಬರು. "ವಾಸನಿ ರಸ್ತಿ ಕೂಟಿನ ತನಕ ಬಂದದ ಮಾವ. ಏನಾತು, ಗೆದ್ದಿಯೋ ಇಲ್ಲೋ?" ಅನ್ನುತ್ತ ಬಂದು ಕುಕ್ಕುರುಗಾಲಲ್ಲಿ ಕೂತು, "ಒಂದ ತುಣುಕ ನನಗೂ ನೋಡಲಿಕ್ಕೆ ಕೊಡು. ನನ್ನ ಬೆನ್ನೂ ಅದರಾಗ ಅದ," ಎಂದು ತಾಟಿಗೆ ಕೈ ಚಾಚಿದ.

ಲುಂಬಿನಿ ತಾಟಿನತ್ತ ಬಗ್ಗಿದಳು. ಓಣಿಯ ಒಂಬತ್ತು ಮನೆಯ ಖಂಡ. ಮಗಳು ತಂದೆಗೆ ಹೀಗೆ ಮಾಡಿದಳು ಎಂಬುದು ಬೆಳಗಾಗುವುದರೊಳಗೆ ಬಯಲಿನ ತನಕ ಹೋಗುತ್ತದೆ.

ರಾಮಲಿಂಗ ತಾಟನ್ನು ತನ್ನ ಕಡೆ ಎಳೆದುಕೊಂಡ. "ಕೈ ತಗಿ. ಹೆಂಗಸರೇ ಇನ್ನಾ ಉಂಡಿಲ್ಲ. ಪೇಷಂಟಿನ ತಾಟಿಗೆ ಕೈ ಹಾಕ್ತಾನ ಭಾಡ್ಯಾ." ಮೂರನೆಯ ತುಂಡಿನ ಉಳಿದರ್ಧವನ್ನೂ ನಾಲ್ಕನೆಯದನ್ನೂ ಮುರಿದು ಮುರಿದು, ಆ ಸಂದಿಯಿಂದ ಒಂದೊಂದಾಗಿ ಬಾಯಿಗೆ ತುಂಬಿಕೊಂಡ. ಅನಸುಬಾಯಿ ಅವನ ತೋಳು ಹಿಡಿಯಹೋದಳು. ಅವನು ತೋಳು ಕೊಡವಿದ. ಎಲ್ಲರೂ ನೋಡುತ್ತಿರುವಂತೆ, ಅವಸರವಿಲ್ಲದೆ ಜಗಿದು ನುಂಗಿದ.

"ಆಸೆಬುರುಕ ಆಗಿ ನೋಡು ಮಾವ," ಸಾಯಿಕುಮಾರ ನಕ್ಕ. "ಉಪ್ಪು ಗಿಪ್ಪು ಸರಿ ಇತ್ತೇನು?"

"ಸರಿ ಇತ್ತು."

"ಅಂದ್ರ ಗೆದ್ದಂಗ ಆತು."

ರಾಮಲಿಂಗ ನೀರು ಕುಡಿದ. ತಂಬಿಗೆ ಕೆಳಗಿಟ್ಟು ಮೀಸೆ ಒರೆಸಿಕೊಂಡ.

"ಇಲ್ಲೋ. ಸೋತೆ," ಅಂದ. "ನಾಳಿಗಿ ಮುಂಜಾನಿ ಕಲಬುರಗಿ ಗಾಡಿಗೆ ನಮ್ಮ ಜೋಡಿ ಬಾ. ಚೀಲ ಹಿಡಿಲಿಕ್ಕೆ ಒಬ್ಬರು ಬೇಕಾಗ್ತಾರ."